ಗುಂಡಿ ತುಂಬಿದ ಮೇಲೆ ಯಾರನ್ನ ಕರೀತೀರಿ?



ಊಟದ ಹೊತ್ತಲ್ಲಿ ಇದೇನಪ್ಪಾ ಮಾತು ಅಂತ ಬೈಕೋಬೇಡಿ. ಇವತ್ತು ಇದನ್ನ ಮಾತಾಡಲೇಬೇಕು. ನಿಮ್ಮನೆ ಕಕ್ಕಸಿಗೆ ನೀರು ಹಾಕ್ತೀರಲ್ಲ, ಅದು ಹೋಗೋದು ಎಲ್ಲಿಗೆ? ಮನೆ ಕಟ್ಟುವಾಗ ಟೈಲ್ಸ್ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತಿದ್ದು ನೆನಪಿದೆ. ಗುಂಡಿಯ ಮುಚ್ಚಳ ಎಲ್ಲಿದೆ ಅಂತ ಕೇಳಿದರೆ ತಲೆ ಕೆರೆದುಕೊಳ್ತೀವಿ.

2011ರ ಜನಗಣತಿ ತೆಗೆದು ನೋಡಿ. ದೇಶದ ನಗರ, ಪಟ್ಟಣಗಳಲ್ಲಿ ಒಳಚರಂಡಿ ಕೊಳವೆಗೆ ಸೇರಿದ್ದ ಮನೆಗಳು ಮೂರರಲ್ಲಿ ಒಂದು ಮಾತ್ರ. ಅದಕ್ಕಿಂತ ಹೆಚ್ಚು ಮನೆಗಳಿಗೆ ಸೆಪ್ಟಿಕ್ ಟ್ಯಾಂಕೇ ಗತಿ. ಆಮೇಲೆ ಸ್ವಚ್ಛ ಭಾರತ ಬಂತು. ಹಳ್ಳಿಯ ಬಡ ಕುಟುಂಬಕ್ಕೆ ಶೌಚಾಲಯ ಕಟ್ಟೋಕೆ 12 ಸಾವಿರ ರೂಪಾಯಿ ನೆರವು ಅಂದರು. 2019ರ ಅಕ್ಟೋಬರ್ 2ಕ್ಕೆ ಗ್ರಾಮೀಣ ಭಾರತ ಬಯಲು ಶೌಚಮುಕ್ತ ಅಂತ ಘೋಷಣೆಯೂ ಆಯ್ತು. ಒಳ್ಳೇದೇ. ಹೆಣ್ಮಕ್ಕಳು ಕತ್ತಲಾಗೋದನ್ನ ಕಾಯೋದು ತಪ್ಪಿದರೆ ಅದಕ್ಕಿಂತ ದೊಡ್ಡ ಕೆಲಸ ಇನ್ಯಾವುದು? ಆದರೆ ತೋಡಿದ ಗುಂಡಿ ಒಂದಲ್ಲ ಒಂದು ದಿನ ತುಂಬುತ್ತೆ. ಆಗ ಯಾರನ್ನ ಕರೀತೀರಿ?

ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಯಾವ ಕೇರಿಯಿಂದ ಕರೀತೀವಿ ಅನ್ನೋದೂ ಗೊತ್ತು. ಐನೂರೋ ಸಾವಿರವೋ ಕೊಟ್ಟು, ಒಂದು ಹಗ್ಗ, ಒಂದು ಬಕೆಟ್ ಕೊಟ್ಟು ಇಳಿಸ್ತೀವಿ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ ಕೂತಿರುತ್ತೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿ ಆದರೆ ವಾಸನೆ ತಿಳಿಯೋ ಶಕ್ತಿಯೇ ಮೂಗಿಗೆ ಇರಲ್ಲ. ಒಬ್ಬ ಬೀಳ್ತಾನೆ. ಅವನನ್ನ ಎತ್ತೋಕೆ ಅಂತ ಇಳಿದ ಇನ್ನೊಬ್ಬನೂ ಬೀಳ್ತಾನೆ. ಮರುದಿನ ‘ಉಸಿರುಗಟ್ಟಿ ಇಬ್ಬರ ಸಾವು’ ಅಂತ ನಾವು ಓದ್ತೀವಿ. ಒಂದು ನಿಮಿಷ. ಆಮೇಲೆ ಕ್ರಿಕೆಟ್ ಸ್ಕೋರು. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಕಾನೂನು ಇಲ್ವಾ? ಇದೆ. 2013ರಲ್ಲೇ ಸಂಸತ್ತು ಕಾನೂನು ಮಾಡಿದೆ. ರಕ್ಷಣಾ ಸಾಧನ ಕೊಡದೆ ಗುಂಡಿಗೆ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇದು ಪುರಸಭೆಗೆ ಮಾತ್ರ ಅಲ್ಲ ಸ್ವಾಮಿ, ಮನೆ ಮಾಲೀಕನಿಗೂ ಅನ್ವಯಿಸುತ್ತೆ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿತು. ಮನುಷ್ಯ ಗುಂಡಿಗೆ ಇಳಿಯೋದು ನಿಂತಿಲ್ಲ.

ಹಾಗಾದರೆ ಬೇರೆ ದಾರಿ? ಒಂದು ಘಟನೆ ಹೇಳ್ತೀನಿ ಕೇಳಿ. 2017ರ ಫೆಬ್ರವರಿ. ತೆಲಂಗಾಣದ ವಾರಂಗಲ್ ಸೀಮೆಯ ಗಂಗದೇವಿಪಲ್ಲಿ. ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಸ್ವತಃ ಶೌಚಗುಂಡಿಗೆ ಇಳಿದರು. ಖಾಲಿ ಮಾಡಿದರು. ಏನೂ ಆಗಲಿಲ್ಲ. ಯಾಕೆ? ಅದು ಜೋಡಿ ಗುಂಡಿ. ಒಂದು ತುಂಬಿದರೆ ಅದನ್ನ ಮುಚ್ಚಿ, ಪೈಪನ್ನ ಇನ್ನೊಂದಕ್ಕೆ ತಿರುಗಿಸ್ತಾರೆ. ಮುಚ್ಚಿದ್ದನ್ನ ಎರಡು ವರ್ಷ ಮುಟ್ಟಬಾರದು. ಅಷ್ಟರಲ್ಲಿ ಮಲ ಮಣ್ಣಾಗಿರುತ್ತೆ, ಗೊಬ್ಬರ ಆಗಿರುತ್ತೆ. ಗುದ್ದಲಿ ಹಿಡಿದು ಮನೆಯವರೇ ತೆಗೀಬಹುದು. ಅಧಿಕಾರಿ ಇಳಿದಿದ್ದು ಗೊಬ್ಬರದ ಗುಂಡಿಗೆ. ನಾವು ಬಡವನನ್ನ ಇಳಿಸೋದು ಮಲದ ಗುಂಡಿಗೆ. ವ್ಯತ್ಯಾಸ ಇಷ್ಟೇ: ಒಂದು ಗುಂಡಿ ಜಾಸ್ತಿ.

ಅಂತರ್ಜಲ ಮೇಲೇ ಇರೋ ಕಡೆ, ಮನೆಗಳು ಒತ್ತೊತ್ತಾಗಿರೋ ಪೇಟೆಯಲ್ಲಿ ಇದು ಆಗಲ್ಲ. ಅಲ್ಲಿಗೆ ಇನ್ನೊಂದು ದಾರಿ ಇದೆ. ದೂರ ಹೋಗೋದು ಬೇಡ, ದೇವನಹಳ್ಳಿಗೆ ಬನ್ನಿ. ಕೋಟೆ, ಚಕ್ಕೋತ, ಏರ್‌ಪೋರ್ಟ್ ಅಂತ ಮಾತ್ರ ನಮಗೆ ಗೊತ್ತಿರೋ ಊರು. ಒಳಚರಂಡಿ ಇಲ್ಲದ ಆ ಪಟ್ಟಣದಲ್ಲಿ 2015ರಲ್ಲೇ, ಬೆಂಗಳೂರಿನ ಸಿಡಿಡಿ ಸೊಸೈಟಿಯ ತಂತ್ರಜ್ಞಾನದಲ್ಲಿ, ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯ್ತು. ಸಕ್ಕಿಂಗ್ ಲಾರಿ ಗುಂಡಿಯಿಂದ ಎಳೆದು ತರುತ್ತೆ. ನೀರು ಬೇರೆ, ಗಟ್ಟಿ ಬೇರೆ ಮಾಡ್ತಾರೆ. ಗಟ್ಟಿಯನ್ನ ಒಣಗಿಸಿ, ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡ್ತಾರೆ. ಅದು ರೈತರ ಹೊಲಕ್ಕೆ ಹೋಗುತ್ತೆ. ರಾಕೆಟ್ ವಿಜ್ಞಾನ ಏನಲ್ಲ.

ಆದರೆ ಲಾರಿ ಆ ಘಟಕದವರೆಗೆ ಹೋಗಬೇಕಲ್ಲ? ಡೀಸೆಲ್ ಉಳಿಸೋಕೆ ಕತ್ತಲಲ್ಲಿ ಕೆರೆಗೋ ರಾಜಕಾಲುವೆಗೋ ಸುರಿದು ಹೋದರೆ, ನಿಮ್ಮ ಮಲ ನಿಮ್ಮ ಬೋರ್‌ವೆಲ್‌ಗೇ ವಾಪಸ್.

ಅದಕ್ಕೇ ಮೂರೇ ಪ್ರಶ್ನೆ ಇಟ್ಕೊಳ್ಳಿ. ಮನೆ ಕಟ್ಟುವಾಗ ಮೇಸ್ತ್ರಿಯನ್ನ ಕೇಳಿ: ಎರಡು ಗುಂಡಿಗೆ ಜಾಗ ಇದೆಯಾ? ಲಾರಿಯವನನ್ನ ಕೇಳಿ: ಎಲ್ಲಿ ಸುರೀತೀಯಪ್ಪಾ? ವೋಟು ಕೇಳೋಕೆ ಬಂದವರನ್ನ ಕೇಳಿ: ನಮ್ಮೂರಿಗೆ ಇಂಥ ಘಟಕ ಯಾವಾಗ?

ಯಾವ ತಾಯಿಯೂ ಮಗನನ್ನ ಹೆತ್ತಿದ್ದು ನಮ್ಮನೆ ಗುಂಡಿಗೆ ಇಳಿಯಲಿ ಅಂತ ಅಲ್ಲ. ನೆನಪಿರಲಿ.