ಪಾರ್ಶ್ವವಾಯು ಪೀಡಿತರ ದಿನನಿತ್ಯದ ಅಗತ್ಯಗಳು ಮತ್ತು ಗ್ರಾಮ ಪಂಚಾಯಿತಿಗಳ ಹೊಣೆ

(ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನದ ಅಂಗವಾಗಿ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಹಾಗೂ ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಮಿದುಳಿನ ರಕ್ತನಾಳ ಮುಚ್ಚಿಕೊಂಡಾಗ ಇಲ್ಲವೇ ಒಡೆದಾಗ ಉಂಟಾಗುವ ಆಘಾತವೇ ಪಾರ್ಶ್ವವಾಯು. ಜನರ ಮಾತಿನಲ್ಲಿ ಲಕ್ವ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದಲ್ಲಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕೆಂಬ ತಿಳಿವಳಿಕೆ ಹಳ್ಳಿಗಳಿಗೂ ತಲುಪುತ್ತಿದೆ. ಆದರೆ ಜೀವ ಉಳಿದ ಮೇಲಿನ ಬದುಕಿನ ಚರ್ಚೆ ವಿರಳ. ಇಂದಿನ ವಿಷಯ ಅದೇ ಆಗಿದೆ.

ಆಸ್ಪತ್ರೆಯಿಂದ ಮನೆಗೆ ಮರಳಿದ ಕೂಲಿಕಾರನೊಬ್ಬನ ಮೊದಲ ದಿನವನ್ನು ಊಹಿಸಿಕೊಳ್ಳಬಹುದು. ಶೌಚಾಲಯ ಹಿತ್ತಲಿನಲ್ಲಿದೆ, ಕುಕ್ಕರುಗಾಲಿನಲ್ಲಿ ಕೂರಲು ಬಲಗಾಲು ಒಪ್ಪದು, ಹಿಡಿದು ಏಳಲು ಆಸರೆಯಿಲ್ಲ. ಬಲಗೈ ಸೋತಿರುವುದರಿಂದ ಎಡಗೈಯಲ್ಲಿ ಉಣ್ಣಬೇಕು. ನಾಲ್ವರ ಎದುರು ಹಾಗೆ ಉಣ್ಣಲು ಆತ ಸಂಕೋಚಪಡುತ್ತಾನೆ. ಇತರರ ಮಾತು ಅರ್ಥವಾಗುತ್ತದೆ, ಉತ್ತರಿಸಲು ಪದ ಬಾರದು. ನೆರೆಹೊರೆಯವರು ಬುದ್ಧಿಯೇ ಕೆಟ್ಟಿತೆಂದು ಭಾವಿಸುತ್ತಾರೆ. ಪತ್ನಿ ಕೂಲಿ ಬಿಟ್ಟು ಆರೈಕೆಗೆ ನಿಂತರೆ ಎರಡು ದುಡಿಮೆಗಳು ಒಮ್ಮೆಲೇ ನಿಲ್ಲುತ್ತವೆ. ಫಿಸಿಯೋಥೆರಪಿಗಾಗಿ ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವ ಆಟೊ ಬಾಡಿಗೆ ಭಾರವಾಗಿ, ಚಿಕಿತ್ಸೆ ನಿಲ್ಲುತ್ತದೆ. ಕ್ರಮೇಣ ರಕ್ತದೊತ್ತಡದ ಮಾತ್ರೆಯೂ ನಿಂತರೆ ಎರಡನೆಯ ಆಘಾತದ ಅಪಾಯ ಹೆಚ್ಚುತ್ತದೆ.

ಕುಟುಂಬದವರಿಗೆ ತರಬೇತಿ ನೀಡಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನೊಳಗೊಂಡು ನಡೆದು, 2017ರಲ್ಲಿ ಪ್ರಕಟವಾದ ‘ಅಟೆಂಡ್’ ಅಧ್ಯಯನ ಇದನ್ನೇ ಪರೀಕ್ಷಿಸಿತು. ಮನೆಯವರಿಗೆ ತರಬೇತಿ ನೀಡಿದರೂ ಆರು ತಿಂಗಳ ಬಳಿಕ ಮರಣ ಅಥವಾ ಪರಾವಲಂಬನೆಯ ಪ್ರಮಾಣ ತಗ್ಗಲಿಲ್ಲ. ಮನೆಯ ಆರೈಕೆ ವ್ಯರ್ಥವೆಂದು ಇದರ ಅರ್ಥವಲ್ಲ. ಇಡೀ ಹೊಣೆಯನ್ನು ಮನೆಯ ಹೆಣ್ಣುಮಕ್ಕಳ ಹೆಗಲಿಗೇರಿಸಿ ಉಳಿದವರು ಕೈತೊಳೆದುಕೊಳ್ಳಲಾಗದು ಎಂಬ ಎಚ್ಚರಿಕೆ ಇದರಲ್ಲಿದೆ.

ಆದ್ದರಿಂದ ಪಂಚಾಯಿತಿ ಮಟ್ಟದಲ್ಲಿ ಈ ಕ್ರಮಗಳು ಅವಶ್ಯ:

1. ವಿಕಲಚೇತನರಿಗಾಗಿ ಮೀಸಲಿಡುವ ಶೇ 5ರ ಅನುದಾನವನ್ನು ನಿಯಮಾನುಸಾರ ಕಮೋಡ್ ಕುರ್ಚಿ, ಶೌಚಾಲಯದ ಹಿಡಿಕಂಬಿ, ಊರುಗೋಲು, ಇಳಿಜಾರು ದಾರಿಗಳಿಗೆ ಬಳಸುವುದು.

2. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯುಳ್ಳವರನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಗುರುತಿಸಿ, ಯುಡಿಐಡಿ ಕಾರ್ಡ್ ಮತ್ತು ಮಾಸಾಶನಕ್ಕೆ ಅರ್ಜಿ ಸಲ್ಲಿಸಲು ನೆರವಾಗುವುದು. ಬೆರಳು ಮಡಚಿಕೊಂಡು ಬೆರಳಚ್ಚು ಮೂಡದವರಿಗೆ ಪಡಿತರ ತಪ್ಪದಂತೆ ನೋಡಿಕೊಳ್ಳುವುದು.

3. ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆ ತಪ್ಪುತ್ತಿಲ್ಲವೆಂಬುದನ್ನು ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಖಚಿತಪಡಿಸಿಕೊಳ್ಳುವುದು.

4. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಸೋತ ಕೈಯನ್ನು ಜಗ್ಗಿ ಎಬ್ಬಿಸಬಾರದು, ಕೂರಿಸಿಯೇ ಉಣಿಸಬೇಕು, ನೀರು ಕುಡಿಯುವಾಗ ಕೆಮ್ಮು ಬಂದರೆ ವೈದ್ಯರಿಗೆ ತಿಳಿಸಬೇಕು. ಈ ಸಂಗತಿಗಳನ್ನು ಮನೆಯವರಿಗೆ ಮಾಡಿ ತೋರಿಸುವುದು.

ಗೋಡೆಗೆ ಬಿಗಿದ ಒಂದು ಕಂಬಿಯ ವೆಚ್ಚ ಅತ್ಯಲ್ಪ. ಅದನ್ನು ಹಿಡಿದು ಯಾರ ನೆರವೂ ಇಲ್ಲದೆ ಶೌಚಕ್ಕೆ ಹೋಗಿಬರುವ ವ್ಯಕ್ತಿಗೆ ಅದು ಮರಳಿ ದೊರೆತ ಮಾನ. ಆತನ ಪತ್ನಿಗೆ ಮರಳಿ ದೊರೆತ ಅರ್ಧ ದಿನದ ಕೂಲಿ. ಮುಂದಿನ ಗ್ರಾಮಸಭೆಯೊಳಗೆ ಪ್ರತಿ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಇಂತಹ ಕುಟುಂಬಗಳ ಪಟ್ಟಿ ಸಿದ್ಧಪಡಿಸಿದಲ್ಲಿ ಈ ದಿನಾಚರಣೆ ಸಾರ್ಥಕವಾಗುತ್ತದೆ.