ಹಳೆಯ ಅಂಗಿಯ ಕೌದಿ, ಹೊಲಿದವಳ ಕೂಲಿ

(ಪಾಂಡವಪುರದಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ಕೌದಿಯ ವಿಷಯ ಮಾತನಾಡುತ್ತೇವೆಂದು ಹೇಳಿಕಳಿಸಿದಾಗ ನಿಮ್ಮಲ್ಲಿ ಕೆಲವರು ನಕ್ಕರೆಂದು ಕೇಳಿದೆವು. ಬೋನಸ್ಸಿನ ಮಾತಿದೆ, ಕಬ್ಬಿನ ಬಾಕಿಯ ಮಾತಿದೆ, ಅಂಗಡಿ ಬಾಡಿಗೆಯ ಮಾತಿದೆ; ಇವೆಲ್ಲ ಬಿಟ್ಟು ಚಿಂದಿ ಬಟ್ಟೆಯ ಪುರಾಣವೇಕೆ ಎಂದು ಕೇಳಿದರಂತೆ. ಕೇಳಲಿ. ಆದರೆ ಈ ಸಭೆಯಲ್ಲಿ ಹಳೆಯ ಸೀರೆ ಅಂಗಿಗಳ ಕೌದಿಯ ಮೇಲೆ ಮಲಗಿ ಬೆಳೆಯದವರು ಯಾರಾದರೂ ಇದ್ದರೆ ಕೈಯೆತ್ತಿ ಎಂದು ನಾವು ಕೇಳಿದರೆ ಎಷ್ಟು ಕೈ ಮೇಲೇಳುತ್ತವೆ? ಒಂದೂ ಏಳಲಿಲ್ಲ, ನೋಡಿ.

ನಮ್ಮದೇ ತಪ್ಪಿನಿಂದ ಮೊದಲು ಮಾಡುತ್ತೇವೆ. ಹೋದ ಕಾರ್ತಿಕದಲ್ಲಿ ನಾಗಮಂಗಲದ ಕಡೆ ನೆಂಟರ ಮನೆಯಲ್ಲಿದ್ದಾಗ, ಉತ್ತರ ಕರ್ನಾಟಕದ ಕಡೆಯಿಂದ ಬಂದ ಒಬ್ಬ ಹೆಂಗಸು ಸೊಸೆಯನ್ನು ಕರೆದುಕೊಂಡು ಬಾಗಿಲಿಗೆ ಬಂದಳು. ಹಳೆಯ ಬಟ್ಟೆ ಕೊಟ್ಟರೆ ಕೌದಿ ಹೊಲಿದುಕೊಡುತ್ತೇವೆ, 600 ರೂಪಾಯಿ ಕೊಡಿ ಎಂದಳು. ನಾವು ಎಲ್ಲರೂ ಮಾಡುವಂತೆ ಚೌಕಾಸಿಗೆ ಇಳಿದೆವು. "ಬಟ್ಟೆ ನಮ್ದು, ದಾರ ನಮ್ದು, ಬರೀ ಹೊಲಿಯೋಕೆ ಅಷ್ಟೊಂದಾ ಕಣವ್ವ?" ಎಂದೆವು. ಆಕೆ ನಮ್ಮ ಮುಖ ನೋಡಿ, "ಬರೇ ಹೊಲಿಯೂದು ಅಂದ್ರ ಏನ್ರೀ ಅಣ್ಣಾರ?" ಎಂದಳು. ಅಷ್ಟೇ. ಹೆಚ್ಚು ವಾದಿಸಲಿಲ್ಲ. 400ಕ್ಕೆ ಒಪ್ಪಿಕೊಂಡು ಜಗಲಿಯ ಮೇಲೆ ಕುಳಿತರು. ಅತ್ತೆ ಸೊಸೆ ಇಬ್ಬರೂ ಎರಡು ದಿನ, ಬೆಳಗಿನಿಂದ ಬೆಳಕು ಹೋಗುವವರೆಗೆ ಹೊಲಿದರು. ನಾವು ಗೆದ್ದೆವೆಂಬ ಸಂತೋಷದಲ್ಲಿ ಕೌದಿ ಹೊದ್ದು ಮಲಗಿದೆವು.

ನಿದ್ದೆ ಬರಲಿಲ್ಲ. ಪಶ್ಚಾತ್ತಾಪದಿಂದಲ್ಲ, ಬೀದಿ ನಾಯಿಗಳ ಗಲಾಟೆಯಿಂದ. ಸುಮ್ಮನೆ ಬೆರಳಿನಿಂದ ಹೊಲಿಗೆ ಎಣಿಸತೊಡಗಿದೆವು. ಬೆಳಿಗ್ಗೆ ಎದ್ದು ಮಕ್ಕಳನ್ನು ಕೂರಿಸಿಕೊಂಡು ಅಳತೆ ಹಿಡಿದು ಲೆಕ್ಕವನ್ನೇ ಹಾಕಿದೆವು. ನೀವೂ ಹಾಕಿ. ಉದ್ದ 6 ಅಡಿ, ಅಗಲ 4 ಅಡಿ. ಸಾಲಿನಿಂದ ಸಾಲಿಗೆ ಮುಕ್ಕಾಲು ಅಂಗುಲ. ಅಲ್ಲಿಗೆ 64 ಸಾಲು. ಅಂಗುಲಕ್ಕೆ 3 ಹೊಲಿಗೆಯಂತೆ ಒಂದು ಸಾಲಿಗೆ 216. ಒಟ್ಟು 13,824 ಹೊಲಿಗೆ. ನಾಲ್ಕು ಪದರ ಬಟ್ಟೆಯಲ್ಲಿ ದಪ್ಪ ಸೂಜಿ ಇಳಿದು ಏಳಬೇಕು. ನಿಮಿಷಕ್ಕೆ ಹತ್ತು ಹೊಲಿಗೆ ಎಂದಿಟ್ಟುಕೊಂಡರೂ 23 ಗಂಟೆಯಾಯಿತು. ದಿನಕ್ಕೆ ಎಂಟು ಗಂಟೆಯಂತೆ ಮೂರು ದಿನ. ಅಂಗಿ ಬಿಚ್ಚಿ, ತುಂಡು ಕತ್ತರಿಸಿ, ಹೊಂದಿಸಿ ಹಾಸುವುದಕ್ಕೆ ಮತ್ತೊಂದು ದಿನ. ನಾಲ್ಕು ಆಳಿನ ದುಡಿಮೆ! 2025-26ನೇ ಸಾಲಿಗೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಯೋಜನೆಯ ಕೂಲಿ ದಿನಕ್ಕೆ 370 ರೂಪಾಯಿ ಎಂದು ಗೊತ್ತುಮಾಡಿದ್ದರು. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ಕಾಲುವೆಯ ಹೂಳೆತ್ತುವ ಕೆಲಸದ ದರವನ್ನೇ ಹಿಡಿದರೂ ಆ ಕೌದಿಗೆ 1,480 ರೂಪಾಯಿ ಸಲ್ಲಬೇಕಾಗಿತ್ತು. ನಾವು ಕೊಟ್ಟದ್ದು 400. ಅಂದರೆ ದಿನಕ್ಕೆ ನೂರು.

ಗಿರಣಿಯ ಸ್ನೇಹಿತರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾದ್ದಿಲ್ಲ. ನಿಮಗೆ ಕಾಯಿದೆಯ ಆಸರೆ ಇದೆ. ವಾರಕ್ಕೆ 48 ಗಂಟೆ ಮೀರಿದರೆ ಎರಡರಷ್ಟು ಮಜೂರಿ ಕೇಳುವ ಹಕ್ಕಿದೆ. ಜಗಲಿಯಲ್ಲಿ ಕುಳಿತವಳಿಗೆ ಗಡಿಯಾರವೂ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಮನೆಯಲ್ಲಿ ಕುಳಿತು ದುಡಿಯುವವರ ಸಲುವಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1996ರಲ್ಲಿ ಒಂದು ಒಡಂಬಡಿಕೆಯನ್ನೇ ಮಾಡಿತು. ಭಾರತ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿಲ್ಲ.

ಇನ್ನು ಬಟ್ಟೆಯ ವಿಷಯ. ಆರು ಗಜದ ಸೀರೆಯನ್ನು ಮೂರು ಮಡಿಕೆ ಮಾಡಿದರೆ ಆರಡಿ ಉದ್ದವಾಗುತ್ತದೆ. ಅಗಲ ಹೆಚ್ಚುಕಡಿಮೆ ನಾಲ್ಕಡಿ ಇದ್ದೇ ಇದೆ. ಕೌದಿಯ ಅಳತೆಯನ್ನು ಯಾವ ಇಂಜಿನಿಯರೂ ಗೊತ್ತುಮಾಡಲಿಲ್ಲ, ಸೀರೆಯೇ ಗೊತ್ತುಮಾಡಿತು. ಆ ಮೂರು ಪದರದ ಮೇಲೆ ಅಂಗಿಯ ತುಂಡುಗಳು. ಅಂಗಿ ಮೊದಲು ಹರಿಯುವುದು ಕಾಲರಿನಲ್ಲಿ, ಮೊಣಕೈಯಲ್ಲಿ, ಕಂಕುಳಲ್ಲಿ. ಬೆನ್ನಿನ ಬಟ್ಟೆ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ. ಮೂರು ನಾಲ್ಕು ಅಂಗಿ ಬಿಚ್ಚಿದರೆ ಮೇಲಿನ ಪದರ ತುಂಬುತ್ತದೆ. ಗುಂಡಿಗಳು ಡಬ್ಬಿಗೆ. ಸಕ್ಕರೆ ಕಾರ್ಖಾನೆಯ ಕಾಕಿ ಅಂಗಿಗಳಿದ್ದರೆ ಅಂಚಿಗೆ ಅವಕ್ಕಿಂತ ಒಳ್ಳೆಯ ಬಟ್ಟೆಯಿಲ್ಲ. ನಮ್ಮ ಪಾಂಡವಪುರದ ಕಾರ್ಖಾನೆ 2020ರಲ್ಲಿ ಗುತ್ತಿಗೆಗೆ ಹೋಗುವ ಮುಂಚೆ ಬಾಗಿಲು ಹಾಕಿಕೊಂಡಿದ್ದ ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಆ ಕಾಕಿ ಪೆಟ್ಟಿಗೆಯ ತಳ ಸೇರಿತ್ತೆಂಬುದು ಇಲ್ಲಿ ಕುಳಿತವರಿಗೇ ಗೊತ್ತು.

ಒಂದು ಎಚ್ಚರಿಕೆ: ಹತ್ತಿಯ ಬಟ್ಟೆಯೇ ಆಗಬೇಕು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಪದರದ ಮೇಲೆ ಪದರ ಜಾರುತ್ತದೆ. ಗದ್ದೆ ಕಾವಲಿನಲ್ಲಿ ಬೆಂಕಿಯ ಪಕ್ಕ ಹೊದ್ದು ಕೂರುವವರು ಇದನ್ನು ನೆನಪಿಡಬೇಕು; ಹತ್ತಿಗೆ ಕಿಡಿ ಬಿದ್ದರೆ ಹೊಗೆಯಾಡಿ ತೂತಾಗುತ್ತದೆ, ಪಾಲಿಯೆಸ್ಟರಿಗೆ ಬಿದ್ದರೆ ಅದು ಕರಗಿ ಮೈಗೆ ಅಂಟುತ್ತದೆ. ಇನ್ನು ಮಾರ್ನಮಿಗೆ ಮುಂಚೆ ನಾಲೆಯಲ್ಲಿ ಕೌದಿ ಒಗೆದವರಿಗೆ ಅದು ನೆಂದಾಗಿನ ಭಾರವೂ ಗೊತ್ತಿರುತ್ತದೆ. ಗಂಡಸರಲ್ಲಿ ಬಹಳ ಜನಕ್ಕೆ ಗೊತ್ತಿರಲಾರದು.

ಕೃಷ್ಣರಾಜಪೇಟೆಯ ಬೀದಿಗಳಲ್ಲಿ ಪಾತ್ರೆಯವರು ಕೂಗುತ್ತ ಬರುವುದನ್ನು ನೋಡಿದ್ದೀರಿ. ಒಂದು ಗಂಟು ಬಟ್ಟೆಗೆ ಒಂದು ಸ್ಟೀಲ್ ತಟ್ಟೆ, ಇಲ್ಲವೆ ಒಂದು ಪ್ಲಾಸ್ಟಿಕ್ ಬಕೆಟ್. ಅವರೂ ಬಡವರೇ, ಅವರ ಮೇಲೆ ನಮಗೆ ಜಗಳವಿಲ್ಲ. ಆದರೆ ಆ ಗಂಟಿನಲ್ಲಿ ಎರಡು ಕೌದಿಗಾಗುವ ಹತ್ತಿ ಬಟ್ಟೆ ಇದ್ದೀತು. ಅದನ್ನು ಕೊಟ್ಟುಬಿಟ್ಟು ಚಳಿಗಾಲಕ್ಕೆ ಅಂಗಡಿಯಿಂದ ಕಂಬಳಿ ತರುತ್ತೇವೆ. ಆ ಕಂಬಳಿಯಾದರೂ ಎಲ್ಲಿಯದು? ಹರಿಯಾಣದ ಪಾಣಿಪತ್ತಿನಲ್ಲಿ ಚಳಿದೇಶಗಳವರು ಬಿಸುಟ ಸ್ವೆಟರು ಕೋಟುಗಳನ್ನು ಚೂರು ಮಾಡಿ, ಎಳೆ ಬಿಡಿಸಿ, ಮತ್ತೆ ನೂಲು ತೆಗೆದು ಕಂಬಳಿ ನೇಯುವ ದೊಡ್ಡ ಉದ್ಯಮವಿದೆ. ಪ್ರವಾಹ ಬಂದಾಗ ಹಂಚುವ ಕಂಬಳಿಗಳು ಎಷ್ಟೋ ಅಲ್ಲಿಯವೇ. ಈ ವಿದ್ಯೆ ಹುಟ್ಟಿದ್ದು ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನಲ್ಲಿ, 1813ರಲ್ಲಿ. ಕಂಡವರ ಹಳೆಯ ಬಟ್ಟೆ ಹೊದೆಯಲು ನಾಚದ ನಾವು ನಮ್ಮ ಹಳೆಯ ಅಂಗಿಯ ಕೌದಿಯನ್ನು ನೆಂಟರು ಬಂದಾಗ ಒಳಕೋಣೆಗೆ ಸೇರಿಸುತ್ತೇವೆ!

ಅಂಗಿ ಹುಟ್ಟುವುದೂ ನಮ್ಮ ಜಿಲ್ಲೆಯಲ್ಲೇ ಉಂಟು. ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ 2020ರ ಜೂನ್ ತಿಂಗಳಲ್ಲಿ ಸಾವಿರಕ್ಕೂ ಮೀರಿದ ಕಾರ್ಮಿಕರನ್ನು ಒಮ್ಮೆಲೇ ಕೆಲಸದಿಂದ ನಿಲ್ಲಿಸಿದರು, ಬಹುಮಟ್ಟಿಗೆ ಹೆಣ್ಣುಮಕ್ಕಳೇ. ತಿಂಗಳು ದಾಟಿದರೂ ಅವರು ಬಾಗಿಲು ಬಿಟ್ಟು ಏಳಲಿಲ್ಲ. ಗಾರ್ಮೆಂಟ್ಸಿನಲ್ಲಿ ಒಂದು ಕಾಲರು ಕೂರಿಸಲು ಇಷ್ಟು ನಿಮಿಷ, ಒಂದು ಕಫಿಗೆ ಇಷ್ಟು ಎಂದು ಮಾಲೀಕರು ಅಳೆದಿಟ್ಟಿರುತ್ತಾರೆ. ಅವರ ಲಾಭಕ್ಕೆ ಬೇಕಾದಾಗ ಹೊಲಿಗೆಗೆ ಅಳತೆಯುಂಟು. ಅದೇ ಕೈ ಮನೆಯ ಜಗಲಿಯಲ್ಲಿ ಹೊಲಿದರೆ "ಬರೀ ಹೊಲಿಗೆ".

ಹೀಗೆ ಅಳೆದು ಕೇಳಿದವರು ಇಲ್ಲವೆಂದಲ್ಲ. ಅಹಮದಾಬಾದಿನಲ್ಲಿ ಗಿರಣಿಯ ತುಂಡು ಬಟ್ಟೆಗೆ ಚಿಂದಿ ಎಂದೇ ಹೆಸರು. ವರ್ತಕರು ಅದನ್ನು ಕೊಂಡು ಬಡ ಮುಸಲ್ಮಾನ ಹೆಂಗಸರ ಮನೆಗಳಿಗೆ ಹಂಚಿ, ರಜಾಯಿಯ ಗವಸು ಹೊಲಿಸಿ, ತುಂಡಿಗಿಷ್ಟು ಪೈಸೆಯೆಂದು ಕೊಡುತ್ತಿದ್ದರು. ಇಳಾ ಭಟ್ಟರು 1972ರಲ್ಲಿ ಕಟ್ಟಿದ ಸೇವಾ ಸಂಘದೊಳಗೆ ಈ ಹೆಂಗಸರು 1970ರ ದಶಕದ ಕೊನೆಗೆ ಒಟ್ಟುಗೂಡಿ ದರ ಹೆಚ್ಚಿಸಿರೆಂದು ಕೇಳಿದರು. ಕೇಳಿದವರಿಗೆ ವರ್ತಕರು ಕೆಲಸವನ್ನೇ ನಿಲ್ಲಿಸಿದರು. ಆಗ ಅವರು ಸಬೀನಾ ಎಂಬ ತಮ್ಮದೇ ಸಹಕಾರ ಸಂಘ ಮಾಡಿಕೊಂಡು ಗಿರಣಿಯಿಂದ ನೇರವಾಗಿ ಚಿಂದಿ ತರಲು ಹೊರಟರು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗೆ ಹೂವಿನಂತೆ ಮಡಿಸಿದ ತುಂಡು ಇಲ್ಲದಿದ್ದರೆ ಅದು ಪೂರ್ತಿಯಾದ ಕೌದಿಯೇ ಅಲ್ಲ. ಆ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿ ಬಂದಿವೆ.

ವರ್ತಕ ಮಿತ್ರರು ಕೇಳುವ ಪ್ರಶ್ನೆ ನಮಗೆ ಗೊತ್ತು. 1,480 ಕೊಟ್ಟು ಹೊಲಿಸಿದ ಕೌದಿಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಪಕ್ಕದಲ್ಲೇ ಕಂಬಳಿ ಐನೂರರೊಳಗೆ ಬಿದ್ದಿರುವಾಗ? ಕೊಳ್ಳುವುದಿಲ್ಲ, ಒಪ್ಪಿದೆವು. ಸಂತೆಯ ಸರಕಾಗಿ ಕೌದಿ ನಿಲ್ಲಲಾರದು. ಆದರೆ ಬಟ್ಟೆ ಮನೆಯದೇ ಆದಾಗ ಗಿರಾಕಿ ಕೊಡುವುದು ಕೂಲಿಯೊಂದನ್ನೇ. ಆ ಕೂಲಿಯನ್ನೂ ಕತ್ತರಿಸಿದರೆ ಉಳಿಯುವುದೇನು? ನಾವು ಕೇಳುವುದು ಇಷ್ಟು. ಬಟ್ಟೆ ಅಂಗಡಿಯವರು ದಪ್ಪ ದಾರವನ್ನೂ ಸೂಜಿಯನ್ನೂ ಅಸಲು ಬೆಲೆಗೆ ಕೊಡಲಿ. ಅಂಗಡಿಯ ಬಾಗಿಲಲ್ಲಿ ಒಂದು ಹಲಗೆ ತೂಗುಹಾಕಲಿ: ಇಷ್ಟು ಅಡಿಗೆ ಇಷ್ಟು ಸಾಲು, ಇಷ್ಟು ದಿನ, ಇಷ್ಟು ಕೂಲಿ. ಚೌಕಾಸಿ ಮಾಡುವವನು ಆ ಹಲಗೆಯ ಎದುರು ನಿಂತು ಮಾಡಲಿ. ಪೂರ್ತಿ ಕೊಡಲಾರದ ಮನೆಯವರು ಸಾಲುಗಳನ್ನು ಒಂದೂವರೆ ಅಂಗುಲಕ್ಕೆ ಬಿಡಿಸಿ ಹೊಲಿಸಲಿ. ಹೊಲಿಗೆ ಅರ್ಧಕ್ಕಿಳಿಯುತ್ತದೆ, ಕೌದಿ ಕೊಂಚ ಬೇಗ ಸವೆಯುತ್ತದೆ. ಕೆಲಸ ಕಡಿಮೆ ಮಾಡಿಸಿ ಕಡಿಮೆ ಕೊಡುವುದು ಬೇರೆ, ಪೂರ್ತಿ ಮಾಡಿಸಿಕೊಂಡು ಕಡಿಮೆ ಕೊಡುವುದು ಬೇರೆ.

ಆ ಅತ್ತೆ ಸೊಸೆಯನ್ನು ಹುಡುಕಿಕೊಂಡು ನಾವು ಮತ್ತೆ ನಾಗಮಂಗಲಕ್ಕೆ ಹೋದೆವು. ಅವರ ಗುಡಾರ ಎದ್ದಿತ್ತು. ಕೃಷ್ಣರಾಜಪೇಟೆಯ ಕಡೆ ಹೋದರೆಂದು ಒಬ್ಬರು, ಕಿಕ್ಕೇರಿಗೆ ಎಂದು ಇನ್ನೊಬ್ಬರು ಹೇಳಿದರು. ನಿಮ್ಮ ಊರಿನ ಬಯಲಿನಲ್ಲಿ ಕೌದಿ ಹೊಲಿಯುವವರು ಬಂದಿಳಿದಿದ್ದರೆ ದಯಮಾಡಿ ಪತ್ರಿಕೆಯ ಕಚೇರಿಗೆ ತಿಳಿಸಿ. ನಮ್ಮಿಂದ ಅವರಿಗೆ 1,080 ರೂಪಾಯಿ ಬಾಕಿ ಇದೆ.