ಗುಳಿಗೆ ನಡುವೆ ಬಿಡಬೇಡಿ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ನಾನು ಬೆಂಗಳೂರಿನಲ್ಲಿ ಸೇವಾ ಸಂಸ್ಥೆಯೊಂದು ನಡೆಸುವ ಸಣ್ಣ ದವಾಖಾನೆಯಲ್ಲಿ ನರ್ಸ್. ಸುತ್ತ ತಗಡಿನ ಶೆಡ್ಡುಗಳು. ಅಲ್ಲಿರುವವರಲ್ಲಿ ಬಹಳ ಮಂದಿ ನಮ್ಮ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ನಗರದಲ್ಲಿ 50,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರಕಾರದ ಲೆಕ್ಕ. ಅಲ್ಲಿ ಔಷಧ ಪುಕ್ಕಟೆ, ನಿಜ. ಆದರೆ ಹಗಲು ಹೋಗಿ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ಅದಕ್ಕೇ ನಾವು ಬಾಗಿಲು ತೆರೆಯುವುದು ಸಂಜೆ ಆರಕ್ಕೆ.

ನಮ್ಮನ್ನು ಹೆಚ್ಚು ಕಾಡುವುದು ಕ್ಷಯ. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಗುಳಿಗೆ ತಪ್ಪಬಾರದು. ಎರಡು ತಿಂಗಳಿಗೇ ಕೆಮ್ಮು ನಿಂತು ಹಸಿವು ಮರಳುತ್ತದೆ. ಅಷ್ಟರಲ್ಲಿ ಊರಿನ ಜಾತ್ರೆ. ಗುಳಿಗೆ ಶೆಡ್ಡಿನಲ್ಲೇ ಉಳಿಯುತ್ತದೆ. ನಡುವೆ ಬಿಟ್ಟರೆ ರೋಗ ಅದೇ ಔಷಧಕ್ಕೆ ಬಗ್ಗದಂತಾಗಬಹುದು. ಉಗಾದಿಗೆ ಊರಿಗೆ ಬಂದ ನಮ್ಮ ತಾಲ್ಲೂಕಿನ ಒಬ್ಬ ಹೆಣ್ಣುಮಗಳಿಗೆ ಇಂದಿಗೂ ಫೋನ್ ಮಾಡುತ್ತಲೇ ಇದ್ದೇನೆ. ಸ್ವಿಚ್ ಆಫ್.

ಹಿರಿಯರಲ್ಲಿ ಒಂದು ವಿನಂತಿ. ಹಾಗೆ ಬಂದವರು ಚಿಕಿತ್ಸೆಯ ಕಾರ್ಡು ಹಿಡಿದು ಇಲ್ಲಿಯ ಆರೋಗ್ಯ ಕೇಂದ್ರಕ್ಕೆ ಹೋಗಲಿ, ಉಳಿದ ಗುಳಿಗೆ ಇಲ್ಲೇ ಸಿಗುತ್ತದೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆಯೂ ಇದೆ. ನಾಲ್ಕು ಜನರಿಗೆ ಗೊತ್ತಾದೀತೆಂದು ಅವರು ಅಂಜುತ್ತಾರೆ. ಆಶಾ ಅಕ್ಕನ ಕಿವಿಯಲ್ಲಿ ಮೆಲ್ಲಗೆ ಹೇಳಿದರೂ ಆಯಿತು.